ಸ್ಪ್ಲೆಂಡರ್‌ಗೆ ಮನೆಯಲ್ಲೇ ಹಾಕಿದ ಕ್ಲಚ್ ಪ್ಲೇಟ್ ಸೆಟ್: 13 ತಿಂಗಳು, 11,000 ಕಿ.ಮೀ ಓಡಿಸಿದ ಮೇಲೆ

ನನ್ನದು 2013ರ ಸ್ಪ್ಲೆಂಡರ್ ಪ್ಲಸ್, 97.2 ಸಿಸಿಯ ಹಳೇ ಎಂಜಿನ್. ಊರು ಮೂಡಿಗೆರೆ ಹತ್ತಿರ. ಕಂಪನಿಯ ಒರಿಜಿನಲ್ ಕ್ಲಚ್ ಪ್ಲೇಟ್ ಸೆಟ್ (ಎಂಜಿನ್ ಬಲವನ್ನು ಗೇರಿಗೆ ದಾಟಿಸುವ ತಟ್ಟೆಗಳು) ತಂದು ಒಂದು ಭಾನುವಾರ ಮನೆ ಜಗಲಿಯಲ್ಲೇ ಕೂತು ಹಾಕಿದೆ. ಹಾಕಿದ ವಾರವೇ ಬರೆಯಬಹುದಿತ್ತು, ಆದರೆ ಹೊಸ ಪ್ಲೇಟ್ ಮೊದಲ ವಾರ ಯಾವುದಾದರೂ ಚೆನ್ನಾಗೇ ಎಳೆಯುತ್ತದೆ, ಅಲ್ವಾ? ಅದಕ್ಕೆ ಒಂದು ಮಳೆಗಾಲ, ಒಂದು ಕಾಫಿ ಕೊಯ್ಲು ಮುಗಿಯಲಿ ಅಂತ ಕಾದೆ. ಈಗ ಧೈರ್ಯವಾಗಿ ಹೇಳಬಹುದು: ಸೆಟ್ ಚೆನ್ನಾಗಿದೆ, ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಆದರೆ ನನ್ನ ಗಾಡಿ ಸರಿಯಾಗಿದ್ದು ಪ್ಲೇಟಿನಿಂದ ಮಾತ್ರ ಅಲ್ಲ. ಬಿಚ್ಚಿದವರು ಏನೇನು ತೊಳೆದರು, ಏನೇನು ನೋಡಿದರು ಅನ್ನುವುದರಿಂದ. ಇಷ್ಟುದ್ದ ಬರೆಯಲು ಕಾರಣ ಅದೇ.

ಖರ್ಚಿನ ಲೆಕ್ಕ ಮೊದಲೇ ಕೊಡುತ್ತೇನೆ. ಪ್ಲೇಟ್ ಸೆಟ್ 690 ರೂಪಾಯಿ. ಕ್ಲಚ್ ಸ್ಪ್ರಿಂಗ್ ನಾಲ್ಕಕ್ಕೆ 80. ಬಲಗಡೆ ಕವರಿನ ಗ್ಯಾಸ್ಕೆಟ್ (ಆಯಿಲ್ ಸೋರದ ಹಾಗೆ ನಡುವೆ ಇಡುವ ತೆಳು ಹಾಳೆ) 55, ಕಿಕ್ಕರ್ ಆಯಿಲ್ ಸೀಲ್ 25, ಸೈಲೆನ್ಸರ್ ಬಾಯಿಗೆ ಹಾಕುವ ರಿಂಗ್ 20, ಎಂಜಿನ್ ಆಯಿಲ್ 410, ಕ್ಲಚ್ ನಟ್ ಬಿಚ್ಚುವ ಸಾಕೆಟ್ 180. ಒಟ್ಟು 1,460. ಸಾಕೆಟ್ ಒಂದು ಸಲ ಕೊಂಡರೆ ಗಾಡಿ ಇರುವವರೆಗೂ ಇರುತ್ತದೆ. ಇದಕ್ಕಿಂತ ಮುಂಚೆ ಒಂದು ಗ್ಯಾರೇಜಿನಲ್ಲಿ ಇದೇ ಕೆಲಸಕ್ಕೆ 1,750 ಕೊಟ್ಟಿದ್ದೆ, ಅದು ಐದು ತಿಂಗಳು ಬಾಳಿತು. ಯಾವ ಗ್ಯಾರೇಜು ಅಂತ ಹೇಳುವುದಿಲ್ಲ, ಹೇಳಿ ಆಗಬೇಕಾದ್ದೂ ಏನಿಲ್ಲ. ಆದರೆ ಅಲ್ಲಿ ಏನಾಗಿತ್ತು ಅನ್ನುವುದು ಕವರ್ ಬಿಚ್ಚಿದ ಮೇಲೆ ಕಣ್ಣಿಗೆ ಕಂಡಿತು. ಅದನ್ನು ಮುಂದೆ ಹೇಳುತ್ತೇನೆ.

ಕ್ಲಚ್ ಹೋಗಿದೆ ಅಂತ ಗೊತ್ತಾಗಿದ್ದು ಚಾರ್ಮಾಡಿ ಘಾಟಿಯಲ್ಲಿ. ಉಜಿರೆಯಲ್ಲಿ ಅಕ್ಕನ ಮನೆಗೆ ಹೋಗಿ ವಾಪಸ್ ಬರುತ್ತಿದ್ದೆ, ಹಿಂದೆ ಹೆಂಡತಿ, ಮುಂದೆ ಟ್ಯಾಂಕಿನ ಮೇಲೆ ಒಂದು ಚೀಲ ತೆಂಗಿನಕಾಯಿ. ಇಳಿಯುವಾಗ ಏನೂ ಗೊತ್ತಾಗಲಿಲ್ಲ. ಹತ್ತುವಾಗ ಎರಡನೇ ತಿರುವು ದಾಟುತ್ತಿದ್ದಂತೆ ಎಂಜಿನ್ ಕೂಗುವುದು ಜಾಸ್ತಿ ಆಯಿತು, ಗಾಡಿ ಮಾತ್ರ ಮುಂದಕ್ಕೆ ಹೋಗುವುದು ಕಡಿಮೆ ಆಯಿತು. ಎಕ್ಸಲೇಟರ್ ತಿರುಗಿಸಿದಷ್ಟೂ ಸದ್ದು, ಸ್ಪೀಡ್ ಮುಳ್ಳು ಇದ್ದಲ್ಲೇ. ಮೂರನೆಯಿಂದ ಎರಡಕ್ಕೆ ಇಳಿಸಿದೆ, ಎರಡರಿಂದ ಒಂದಕ್ಕೆ. ಆಮೇಲೆ ಒಂದು ವಾಸನೆ ಬಂತು. ಸುಟ್ಟ ಕಾಗದ ಮತ್ತು ಕಾದ ಎಣ್ಣೆ ಸೇರಿದರೆ ಬರುತ್ತದಲ್ಲ, ಆ ಥರ. ಒಂದು ಸಲ ಆ ವಾಸನೆ ಮೂಗಿಗೆ ಬಿದ್ದರೆ ಮತ್ತೆ ಯಾರೂ ಹೇಳಿಕೊಡುವುದು ಬೇಡ. ಅಲ್ಲಿಂದ ಕೊಟ್ಟಿಗೆಹಾರದವರೆಗೆ ಮೂರು ಕಡೆ ನಿಲ್ಲಿಸಿ, ಎಂಜಿನ್ ಆರಲು ಬಿಟ್ಟು, ಕಡಿದಾದ ಜಾಗದಲ್ಲಿ ಹೆಂಡತಿಯನ್ನು ಇಳಿಸಿ ನಡೆಸಿಕೊಂಡು ಹತ್ತಿದ್ದಾಯಿತು. ಮಂಜು ಬೇರೆ. ಹಿಂದಿನಿಂದ ಲಾರಿ ಬಂದರೆ ಏನು ಗತಿ ಅನ್ನುವ ಭಯ ನನಗೆ ಇವತ್ತಿಗೂ ಹೋಗಿಲ್ಲ. ಬಯಲು ಸೀಮೆಯವರಿಗೆ ಕ್ಲಚ್ ಸ್ಲಿಪ್ ಅಂದರೆ ಮೈಲೇಜ್ ಕಡಿಮೆ ಆಗುವುದು. ನಮಗೆ ಅದು ಘಾಟಿ ಮಧ್ಯದಲ್ಲಿ ನಿಂತುಬಿಡುವುದು.

ಪ್ಲೇಟ್ ಕೊಳ್ಳುವ ಮುಂಚೆ ಎರಡು ವಿಷಯ ನೋಡಿಕೊಳ್ಳಿ, ಯಾಕೆಂದರೆ ಎಷ್ಟೋ ಸಲ ಪ್ಲೇಟ್ ಚೆನ್ನಾಗೇ ಇರುತ್ತದೆ. ಒಂದು, ಕ್ಲಚ್ ಲಿವರಿನ ಸಡಿಲ. ಲಿವರಿನ ತುದಿ 10ರಿಂದ 20 ಮಿಲಿಮೀಟರ್ ಸುಮ್ನೆ ಆಡಬೇಕು, ಆಮೇಲೆ ಬಿಗಿ ಸಿಗಬೇಕು. ಹಿಡಿದ ತಕ್ಷಣ ಬಿಗಿಯಾಗಿದ್ದರೆ ನೀವು ಕೈ ಬಿಟ್ಟರೂ ಕೇಬಲ್ ಒಳಗೆ ಸ್ವಲ್ಪ ಎಳೆದುಕೊಂಡೇ ಇರುತ್ತದೆ, ಅಂದರೆ ಇಡೀ ದಿನ ಹಾಫ್ ಕ್ಲಚ್ಚಿನಲ್ಲಿ ಓಡಿಸಿದ ಹಾಗೆ. ಗೇರ್ ಗಟ್ಟಿ ಬೀಳುತ್ತದೆ ಅಂತ ಕೇಬಲ್ ಬಿಗಿ ಮಾಡಿಸಿಕೊಂಡು ಪ್ಲೇಟ್ ಸುಟ್ಟುಕೊಂಡವರು ನಮ್ಮ ಕಡೆ ಬಹಳ ಜನ. ಎರಡು, ಆಯಿಲ್. ಸ್ಪ್ಲೆಂಡರಿನ ಕ್ಲಚ್ ಎಂಜಿನ್ ಆಯಿಲ್‌ನಲ್ಲೇ ಮುಳುಗಿ ಕೆಲಸ ಮಾಡುತ್ತದೆ. ಹಾಗಾಗಿ ಬಾಟಲಿಯ ಹಿಂದೆ ಜಾಸೋ (ಜಪಾನಿನ ಗುಣಮಟ್ಟದ ಗುರುತು, JASO) ಎಂಎ ಅಥವಾ ಎಂಎ2 ಅಂತ ಇರಲೇಬೇಕು. ಎಂಬಿ ಅಂತ ಇದ್ದರೆ ಅದು ಸ್ಕೂಟರಿಗೆ, ಅದರಲ್ಲಿ ಜಾರಿಕೆ ಜಾಸ್ತಿ. ಮನೆಯಲ್ಲಿ ಕಾರಿನ ಆಯಿಲ್ ಉಳಿದಿದೆ ಅಂತ ಬೈಕಿಗೆ ಹಾಕಬೇಡಿ, ದಯವಿಟ್ಟು.

ಇವೆರಡೂ ಸರಿ ಇದ್ದರೆ ಖಾಲಿ ರಸ್ತೆಯಲ್ಲಿ ಟಾಪ್ ಗೇರಿನಲ್ಲಿ 30ರ ಸ್ಪೀಡಿಗೆ ಬಂದು, ಒಮ್ಮೆಲೇ ಎಕ್ಸಲೇಟರ್ ಪೂರ್ತಿ ತಿರುಗಿಸಿ ನೋಡಿ. ಗಾಡಿ ನಿಧಾನಕ್ಕೆ ಎಳೆದುಕೊಂಡು ಹೋದರೆ ಕ್ಲಚ್ ಇದೆ. ಸದ್ದು ಮಾತ್ರ ಜಿಗಿದು ಸ್ಪೀಡ್ ಅಲ್ಲೇ ನಿಂತರೆ ಹೋಗಿದೆ. ನನ್ನದು ಜಿಗಿಯಿತು.

ಈಗ ಅಂಗಡಿ. ಚಿಕ್ಕಮಗಳೂರಿನಲ್ಲಿ ಒಂದು ಸ್ಪೇರ್ ಅಂಗಡಿ, ಉದ್ದಕ್ಕೆ ಸುರಂಗದ ಹಾಗೆ ಒಳಕ್ಕೆ ಹೋಗುತ್ತದೆ, ಎರಡೂ ಗೋಡೆಗೆ ತಗಡಿನ ಡಬ್ಬಗಳು. ಕ್ಲಚ್ ಪ್ಲೇಟ್ ಕೊಡಿ ಅಂದೆ. ಯಜಮಾನರು ಎದ್ದೇಳಲಿಲ್ಲ. "ಯಾವ ವರ್ಷದ್ದು ಗಾಡಿ? ಹಳೇ ಪ್ಲೇಟ್ ತಂದಿದೀರಾ?" ಅಂದರು. ಇನ್ನೂ ಬಿಚ್ಚಿಲ್ಲ ಅಂದೆ. "ಹಂಗಾದ್ರೆ ಆರ್‌ಸಿ ತೋರ್ಸಿ ಸರ್, ವರ್ಷ ನೋಡ್ಕೊಂಡು ಕೊಡ್ತೀನಿ. ಬಿಚ್ಚಿದ ಮೇಲೆ ಲೆಕ್ಕ ತಾಳೆ ಆಗ್ಲಿಲ್ಲ ಅಂದ್ರೆ ವಾಪಸ್ ತನ್ನಿ" ಅಂದರು. ಈ ಒಂದು ಮಾತಿಗೆ ಆ ಅಂಗಡಿಗೆ ನಾನು ಪೂರ್ತಿ ಮಾರ್ಕು ಕೊಡುತ್ತೇನೆ. ಬಹಳ ಕಡೆ ಸ್ಪ್ಲೆಂಡರ್ ಅಂದ ತಕ್ಷಣ ಕೈಗೆ ಸಿಕ್ಕ ಪ್ಯಾಕೆಟ್ ಕೊಟ್ಟು ಕಳಿಸುತ್ತಾರೆ. ಇವರು ಕೇಳದೆಯೇ ಗ್ಯಾಸ್ಕೆಟ್, ಸೀಲ್, ರಿಂಗ್ ಮೂರನ್ನೂ ಎದುರಿಗಿಟ್ಟು "ಇವಿಲ್ದೆ ಬಿಚ್ಬೇಡಿ" ಅಂದರು. ಬಿಲ್ ಕೊಟ್ಟರು. ಪಾರ್ಟ್ ನಂಬರ್ ಬಿಲ್ಲಿನಲ್ಲೂ ಇತ್ತು, ಪ್ಯಾಕೆಟಿನ ಮೇಲೂ ಇತ್ತು, ಎರಡೂ ಒಂದೇ.

ಅದೇ ಅಂಗಡಿಯಲ್ಲಿ 300 ರೂಪಾಯಿಯ ಇನ್ನೊಂದು ಸೆಟ್ ಕೂಡ ಇತ್ತು. ಅದನ್ನೂ ಕೈಯಲ್ಲಿ ಹಿಡಿದು ನೋಡಿದೆ. ದೂರದಿಂದ ಒಂದೇ ಥರ. ಹತ್ತಿರದಿಂದ ನೋಡಿದರೆ ಕಾರ್ಕ್ ತುಂಡುಗಳ ಅಂಚು ಒರಟು, ಎರಡು ತುಂಡಿನ ನಡುವಿನ ಸಂದಿನಲ್ಲಿ ಅಂಟು ಉಕ್ಕಿ ಒಣಗಿದೆ. ಒರಿಜಿನಲ್‌ನಲ್ಲಿ ಆ ಸಂದುಗಳು ಚಾಕುವಿನಿಂದ ಕೊಯ್ದಷ್ಟು ಚೊಕ್ಕ. ಅಂದ ಹಾಗೆ, ಕಾರ್ಕ್ ಪ್ಲೇಟ್ ಅನ್ನುವುದು ಹಳೇ ಕಾಲದಿಂದ ಬಂದ ಹೆಸರು. ಈಗಿನವುಗಳ ಮೇಲೆ ಇರುವುದು ಒತ್ತಿ ಅಂಟಿಸಿದ ನಾರಿನ ಪದರ. ಆ ಸಂದುಗಳ ಮೂಲಕವೇ ಎಣ್ಣೆ ಹರಿದು ಹೋಗಬೇಕು, ಅದಕ್ಕೆ ಅವು ಚೊಕ್ಕವಾಗಿರುವುದು ಮುಖ್ಯ.

ಸಾಕೆಟ್ ಬಗ್ಗೆ ಬೇರೆಯಾಗಿ ಹೇಳಲೇಬೇಕು. ಸ್ಪ್ಲೆಂಡರಿನ ಕ್ಲಚ್ ನಟ್ಟಿಗೆ ಮಾಮೂಲಿ ಆರು ಮೂಲೆ ಇಲ್ಲ. ಗುಂಡಗಿರುತ್ತದೆ, ನಾಲ್ಕು ಕಡೆ ಸೀಳು. ಅದಕ್ಕೆ ನಾಲ್ಕು ಹಲ್ಲಿನ ಸಾಕೆಟ್ ಬೇಕು, ಅಂಗಡಿಯಲ್ಲಿ ಕ್ಲಚ್ ನಟ್ ಓಪನರ್ ಅಂದರೆ ಕೊಡುತ್ತಾರೆ. 180 ರೂಪಾಯಿ ಉಳಿಸಲು ಹೋಗಿ ಉಳಿ, ಸುತ್ತಿಗೆಯಲ್ಲಿ ಹೊಡೆದು ತಿರುಗಿಸುವುದು ಎಷ್ಟೋ ಕಡೆ ನಡೆಯುತ್ತದೆ. ನನ್ನ ಗಾಡಿಗೂ ಅದೇ ಆಗಿತ್ತು. ನಾನು ತಂದ ಸಾಕೆಟ್ ಗಟ್ಟಿ ಇದೆ, ಹಲ್ಲುಗಳು ಸೀಳಿಗೆ ಸರಿಯಾಗಿ ಕೂರುತ್ತವೆ, ಇದುವರೆಗೆ ಮೂರು ಗಾಡಿ ಬಿಚ್ಚಿದೆ, ಒಂದು ಹಲ್ಲೂ ಮುಕ್ಕಾಗಿಲ್ಲ. ಒಂದೇ ಬೇಸರ ಅಂದರೆ ಮೇಲೆ ಬಳಿದ ಕಪ್ಪು ಬಣ್ಣ ಎಣ್ಣೆ ತಾಗಿದ ಕೂಡಲೇ ಎದ್ದು ಬರುತ್ತದೆ. ಎಂಜಿನ್ ಒಳಗೆ ಆ ಚೂರು ಬೀಳಬಾರದು, ಮೊದಲೇ ಉಜ್ಜಿ ತೆಗೆದುಬಿಡಿ.

ಕೆಲಸಕ್ಕೆ ಕೂತಿದ್ದು ಬೆಳಗ್ಗೆ ಎಂಟಕ್ಕೆ. ಹಿಂದಿನ ರಾತ್ರಿಯೇ ಎರಡು ಕೆಲಸ ಮಾಡಿಟ್ಟಿದ್ದೆ. ಸೈಲೆನ್ಸರ್ ಬಾಯಿಯ ಎರಡು ನಟ್ಟಿಗೆ ಸೀಮೆಎಣ್ಣೆ ಬಿಟ್ಟಿದ್ದೆ, ಮಲೆನಾಡಿನ ಮಳೆಗೆ ಅವು ತುಕ್ಕು ಹಿಡಿದು ಕಲ್ಲಾಗಿರುತ್ತವೆ. ಮತ್ತೆ ಹೊಸ ಕಾರ್ಕ್ ಪ್ಲೇಟುಗಳನ್ನು ಒಂದು ಅಗಲವಾದ ಹಳೇ ಪಾತ್ರೆಯಲ್ಲಿ ಎಂಜಿನ್ ಆಯಿಲ್ ಸುರಿದು ನೆನೆಹಾಕಿದ್ದೆ. ಇದನ್ನು ಮಾತ್ರ ಬಿಡಬೇಡಿ. ಒಣ ಪ್ಲೇಟ್ ಹಾಕಿ ಗಾಡಿ ಎಳೆದರೆ ಮೊದಲಲ್ಲೇ ಮೇಲ್ಪದರ ಸುಟ್ಟು ಗಾಜಿನ ಹಾಗೆ ನುಣುಪಾಗಬಹುದು. ನೆನೆಹಾಕಿದಾಗ ಪ್ಲೇಟಿನ ಸಂದುಗಳಿಂದ ಸಣ್ಣ ಸಣ್ಣ ಗುಳ್ಳೆ ಬರುತ್ತದೆ, ಅಕ್ಕಿ ನೆನೆಹಾಕಿದಾಗ ಬರುವ ಹಾಗೆ. ಅದು ಪೂರ್ತಿ ನಿಲ್ಲುವವರೆಗೆ ಬಿಡಬೇಕು. ನಾನು ರಾತ್ರಿಯೆಲ್ಲ ಬಿಟ್ಟೆ.

ಎಂಜಿನ್ ಸ್ವಲ್ಪ ಬೆಚ್ಚಗೆ ಮಾಡಿ, ಕೆಳಗಿನ 17ರ ಬೋಲ್ಟ್ ಬಿಚ್ಚಿ ಆಯಿಲ್ ಇಳಿಸಿದೆ. ಸೆಂಟರ್ ಸ್ಟ್ಯಾಂಡ್ ಹಾಕಿ, ಕಿಕ್ಕರ್, ಫುಟ್‌ರೆಸ್ಟ್ ಕಂಬಿ, ಸೈಲೆನ್ಸರ್ ತೆಗೆದೆ. ಕ್ಲಚ್ ಕೇಬಲ್ ಸಡಿಲ ಮಾಡಿ ತುದಿ ಬಿಡಿಸಿದೆ. ಆಮೇಲೆ ಬಲಗಡೆ ಕವರಿನ ಸುತ್ತ ಇರುವ ಬೋಲ್ಟುಗಳು, 8ರ ಟಿ ಸ್ಪ್ಯಾನರ್ ಸಾಕು. ಈ ಬೋಲ್ಟುಗಳೆಲ್ಲ ಒಂದೇ ಉದ್ದ ಇಲ್ಲ. ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ಹಾಕಿ ಬಿಗಿದರೆ ಅಲ್ಯೂಮಿನಿಯಂ ಸೀಳುತ್ತದೆ. ಮಗಳು ಹತ್ತನೇ ಕ್ಲಾಸು, ಅವಳು ರಟ್ಟಿನ ಮೇಲೆ ಕವರಿನ ಆಕಾರ ಬರೆದು, ಯಾವ ಬೋಲ್ಟ್ ಎಲ್ಲಿಂದ ಬಂತೋ ಅಲ್ಲೇ ತೂತು ಮಾಡಿ ಚುಚ್ಚಿಟ್ಟಳು. ಎಷ್ಟು ಚೆನ್ನಾದ ಉಪಾಯ! ಆ ರಟ್ಟು ಇನ್ನೂ ಇದೆ.

ಕವರ್ ಸುಲಭಕ್ಕೆ ಬರಲಿಲ್ಲ. ಮರದ ತುಂಡು ಇಟ್ಟು ಸುತ್ತಲೂ ತಟ್ಟಿದ ಮೇಲೆ ಬಿಟ್ಟುಕೊಂಡಿತು. ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ಕವರ್ ಕೂರುವ ಅಂಚಿಗೆ ಒಂದು ಗೀಟು ಬಿದ್ದರೂ ಜೀವಮಾನವಿಡೀ ಆಯಿಲ್ ಜಿನುಗುತ್ತದೆ. ಯಾಕೆ ಅಷ್ಟು ಅಂಟಿಕೊಂಡಿತ್ತು ಅಂತ ತೆಗೆದ ಮೇಲೆ ಗೊತ್ತಾಯಿತು. ಗ್ಯಾಸ್ಕೆಟ್ಟೇ ಇರಲಿಲ್ಲ. ಬದಲಿಗೆ ಹಿಂದಿನ ಗ್ಯಾರೇಜಿನವರು ಗ್ಯಾಸ್ಕೆಟ್ ಪೇಸ್ಟನ್ನು ದೋಸೆಗೆ ಬೆಣ್ಣೆ ಹಚ್ಚಿದ ಹಾಗೆ ಬಳಿದಿದ್ದರು. ಹೊರಗೆ ಉಕ್ಕಿದ್ದು ಹೋಗಲಿ, ಒಳಗೆ ಉಕ್ಕಿದ್ದು ರಬ್ಬರ್ ಹುಳದ ಹಾಗೆ ಉದುರಿ ಕೆಳಗೆ ಬಿದ್ದಿತ್ತು. ಎಂಜಿನ್ ತಳದಲ್ಲಿ ಆಯಿಲ್ ಸೋಸುವ ಒಂದು ಸಣ್ಣ ಜಾಲರಿ ಇದೆ, ಕವರ್ ತೆಗೆದರೆ ಕೈಯಲ್ಲೇ ಎಳೆದುಕೊಳ್ಳಬಹುದು. ಎಳೆದು ನೋಡಿದರೆ ಜಾಲರಿಯ ಅರ್ಧ ಭಾಗ ಈ ಪೇಸ್ಟಿನ ಚೂರು ಮತ್ತು ಕಾರ್ಕಿನ ಪುಡಿಯಿಂದ ಮುಚ್ಚಿಹೋಗಿದೆ. ಅದನ್ನು ಬೆಳಕಿಗೆ ಹಿಡಿದು ನೋಡಿದಾಗ ಹೊಟ್ಟೆಯಲ್ಲಿ ಒಂಥರಾ ಆಯಿತು. ಇನ್ನು ಸ್ವಲ್ಪ ದಿನ ಹೀಗೇ ಓಡಿಸಿದ್ದರೆ ಮೇಲಕ್ಕೆ ಆಯಿಲ್ ಸಿಗದೆ ಇಡೀ ಎಂಜಿನ್ ಹೋಗುತ್ತಿತ್ತು. ಕ್ಲಚ್ ಸ್ಲಿಪ್ ಆಗಿದ್ದೇ ಒಳ್ಳೆಯದಾಯಿತು ಅನ್ನಿಸಿತು.

ಕ್ಲಚ್ಚಿನ ಮೇಲಿನ ನಾಲ್ಕು ಬೋಲ್ಟುಗಳನ್ನು ಒಂದೊಂದು ಸುತ್ತು, ಎದುರು ಬದುರಾಗಿ ಸಡಿಲಿಸಬೇಕು. ಒಂದನ್ನೇ ಪೂರ್ತಿ ಬಿಚ್ಚಿದರೆ ಸ್ಪ್ರಿಂಗಿನ ಒತ್ತಡಕ್ಕೆ ಉಳಿದ ಕಡೆ ಪೆಟ್ಟು. ಬೋಲ್ಟ್, ಸ್ಪ್ರಿಂಗ್, ಮೇಲಿನ ತಟ್ಟೆ ಬಂದ ಮೇಲೆ ಆ ಗುಂಡು ನಟ್ ಕಾಣಿಸಿತು. ನಾಲ್ಕು ಸೀಳಿನಲ್ಲಿ ಎರಡರ ಅಂಚು ಉಳಿ ಏಟಿಗೆ ಮಡಚಿ ಹೋಗಿತ್ತು. ಸಣ್ಣ ಅರದಲ್ಲಿ ಅರ್ಧ ಗಂಟೆ ಉಜ್ಜಿ ಸಾಕೆಟ್ ಕೂರುವ ಹಾಗೆ ಮಾಡಿದೆ. ಅರದ ಪುಡಿ ಒಳಗೆ ಬೀಳದ ಹಾಗೆ ಸುತ್ತಲೂ ಬಟ್ಟೆ ತುಂಬಿಕೊಂಡೆ. ಗಾಡಿಯನ್ನು ಟಾಪ್ ಗೇರಿಗೆ ಹಾಕಿ ಮಗಳಿಗೆ ಹಿಂದಿನ ಬ್ರೇಕ್ ಪೆಡಲನ್ನು ಕೈಯಲ್ಲಿ ಒತ್ತಿ ಹಿಡಿಯಲು ಹೇಳಿದೆ. ಹಾಗೆ ಮಾಡಿದರೆ ಒಳಗಿನ ಶಾಫ್ಟ್ ತಿರುಗುವುದಿಲ್ಲ, ನಟ್ ಮಾತ್ರ ಬಿಟ್ಟುಕೊಳ್ಳುತ್ತದೆ. "ಅಪ್ಪಾ, ಇನ್ನೂ ಜೋರಾಗಿ ಒತ್ಲಾ?" ಅಂತ ಕೇಳುತ್ತಿದ್ದಾಗಲೇ ಟಕ್ ಅಂತ ಸದ್ದು ಬಂತು. ಒಂದೇ ಎಳೆತ. ಸರಿಯಾದ ಸಾಮಾನು ಕೈಯಲ್ಲಿದ್ದರೆ ಅಷ್ಟೇ ಕೆಲಸ.

ನಟ್ಟಿನ ಕೆಳಗಿನ ವಾಷರ್ ಮೇಲೆ ಯಾವ ಮುಖ ಹೊರಗೆ ಬರಬೇಕು ಅಂತ ಅಚ್ಚು ಇರುತ್ತದೆ, ಫೋಟೋ ತೆಗೆದುಕೊಳ್ಳಿ. ಆಮೇಲೆ ಹಬ್ (ಪ್ಲೇಟುಗಳ ನಡುವಿನ ಭಾಗ), ಪ್ಲೇಟುಗಳು ಎಲ್ಲ ಒಂದೇ ಕಟ್ಟಾಗಿ ಕೈಗೆ ಬಂದವು. ಜಗಲಿ ಮೇಲೆ ಹಳೇ ಪೇಪರ್ ಹಾಸಿ, ಹಳೇದು ಹೊಸದು ಅಕ್ಕಪಕ್ಕ ಇಟ್ಟೆ. ಮೊದಲು ಲೆಕ್ಕ. ಎಷ್ಟು ಬಂದವೋ ಅಷ್ಟೇ ಪ್ಯಾಕೆಟಿನಲ್ಲೂ ಇದ್ದವು. ಹೊಸ ಪ್ಲೇಟಿನ ಮೇಲೆ ಉಗುರು ಎಳೆದರೆ ಪ್ರತಿ ಸಂದಿಗೂ ಉಗುರು ತಡೆಯುತ್ತದೆ, ಟಕ ಟಕ ಅನ್ನುತ್ತದೆ. ಹಳೇದರ ಮೇಲೆ ಎಳೆದರೆ ಸ್ಲೇಟಿನ ಮೇಲೆ ಎಳೆದ ಹಾಗೆ ಸುಮ್ನೆ ಜಾರಿ ಹೋಯಿತು. ಒಂದು ಪ್ಲೇಟಿನಲ್ಲಿ ಮೂರು ತುಂಡು ಕಾರ್ಕ್ ಪೂರ್ತಿ ಕಿತ್ತುಹೋಗಿ ಬರೀ ಲೋಹ ಕಾಣುತ್ತಿತ್ತು. ಇದು ಹಾಕಿ ಐದೇ ತಿಂಗಳಾಗಿದ್ದ ಪ್ಲೇಟ್. ಆಗ ಪ್ಯಾಕೆಟ್ ತೋರಿಸಿ ಅಂತ ನಾನು ಕೇಳಿರಲಿಲ್ಲ, ಅವರೂ ತೋರಿಸಿರಲಿಲ್ಲ. ನೀವು ಗ್ಯಾರೇಜಿನಲ್ಲೇ ಮಾಡಿಸುವುದಾದರೂ ಸರಿ, ಪ್ಲೇಟ್ ಸೆಟ್ ನೀವೇ ತಂದುಕೊಡಿ, ಹಳೇದನ್ನು ವಾಪಸ್ ಕೇಳಿ ಇಸಕೊಳ್ಳಿ.

ಸ್ಟೀಲ್ ಪ್ಲೇಟುಗಳಲ್ಲಿ ನೀಲಿ ನೀಲಿ ಮಚ್ಚೆ ಇತ್ತು, ಕಾದು ಕಾದು ಆಗುವುದು ಅದು. ಕಿಟಕಿ ಗಾಜಿನ ಮೇಲೆ ಇಟ್ಟು ಒತ್ತಿದರೆ ಎರಡು ಪ್ಲೇಟ್ ಅಲ್ಲಾಡುತ್ತಿದ್ದವು, ಅಂದರೆ ಸೊಟ್ಟಗಾಗಿವೆ. ನನ್ನ ಸೆಟ್‌ನಲ್ಲಿ ಸ್ಟೀಲ್ ಪ್ಲೇಟೂ ಬಂದಿತ್ತು, ಹಾಗಾಗಿ ಯೋಚನೆ ಇರಲಿಲ್ಲ. ಬರೀ ಕಾರ್ಕ್ ಪ್ಲೇಟ್ ಇರುವ ಸೆಟ್ ಕೂಡ ಮಾರುತ್ತಾರೆ, ಕೊಳ್ಳುವಾಗ ಕೇಳಿ ನೋಡಿ. ಸೊಟ್ಟ ಸ್ಟೀಲ್ ಪ್ಲೇಟ್ ಜೊತೆ ಹೊಸ ಕಾರ್ಕ್ ಹಾಕಿದರೆ ಗಾಡಿ ಬಿಡುವಾಗ ಅದುರುತ್ತದೆ. ಕ್ಲಚ್ ಹೌಸಿಂಗಿನ (ಪ್ಲೇಟುಗಳು ಕೂರುವ ಬುಟ್ಟಿಯಂಥ ಹೊರ ಭಾಗ) ಬೆರಳುಗಳನ್ನೂ ನೋಡಿ, ಪ್ಲೇಟಿನ ಕಿವಿಗಳು ಬಡಿದು ಬಡಿದು ಅಲ್ಲಿ ಹಳ್ಳ ಬಿದ್ದಿರುತ್ತದೆ. ನನ್ನದರಲ್ಲಿ ಉಗುರಿಗೆ ಸಿಗುವಷ್ಟು ಮಾತ್ರ ಇತ್ತು, ಸಣ್ಣ ಅರದಲ್ಲಿ ಮೆಲ್ಲಗೆ ಸವರಿದೆ. ಆಳವಾಗಿದ್ದರೆ ಹೌಸಿಂಗೇ ಬದಲಾಯಿಸಬೇಕು. ಅದು ದೊಡ್ಡ ಖರ್ಚು, ದೊಡ್ಡ ಕೆಲಸ, ಅದಕ್ಕೆ ಒಳ್ಳೆ ಮೆಕ್ಯಾನಿಕ್ ಹತ್ತಿರವೇ ಹೋಗಿ.

ಅದೇ ಕವರಿನ ಒಳಗೆ, ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ಶಾಫ್ಟ್) ತುದಿಯಲ್ಲಿ ಒಂದು ಗುಂಡನೆ ಡಬ್ಬಿ ಇದೆ. ತಿರುಗುವ ರಭಸಕ್ಕೆ ಆಯಿಲಿನ ಕೊಳೆಯನ್ನು ಗೋಡೆಗೆ ಅಂಟಿಸಿ ಹಿಡಿದಿಟ್ಟುಕೊಳ್ಳುವ ಫಿಲ್ಟರ್ ಅದು. ಮುಚ್ಚಳ ತೆಗೆದರೆ ಒಳಗೆ ಕಪ್ಪು ಮೇಣದಂಥ ಕೆಸರು, ಗೋಡೆಗೆ ಗಟ್ಟಿಯಾಗಿ ಕೂತಿತ್ತು. ಕಡ್ಡಿಯಲ್ಲಿ ಕೆರೆದು, ಬಟ್ಟೆಯಲ್ಲಿ ಒರೆಸಿ, ಡೀಸೆಲ್ ಹಾಕಿ ತೊಳೆದೆ. ಇದಕ್ಕೆ ಬೇಕಾದ್ದು 20 ನಿಮಿಷ ತಾಳ್ಮೆ. ಅಷ್ಟು ದೂರ ಬಿಚ್ಚಿದ ಮೇಲೆ ಇದನ್ನು ತೊಳೆಯದೆ ಮುಚ್ಚುವುದು ನನಗಂತೂ ಸಹಿಸಲು ಆಗುವುದಿಲ್ಲ.

ಆ ದಿನ ಅತಿ ಹೆಚ್ಚು ಹೊತ್ತು ಹಿಡಿದ ಕೆಲಸ ಪ್ಲೇಟ್ ಹಾಕುವುದಲ್ಲ, ಹಳೇ ಪೇಸ್ಟ್ ಕೆರೆಯುವುದು. ಒಂದೂವರೆ ಗಂಟೆ. ಹಳೇ ಪ್ಲಾಸ್ಟಿಕ್ ಸ್ಕೇಲಿನ ಅಂಚು ಚೂಪು ಮಾಡಿಕೊಂಡು, ಸ್ವಲ್ಪ ಸ್ವಲ್ಪ ಸೀಮೆಎಣ್ಣೆ ಹಚ್ಚಿ ಕೆರೆದೆ. ಬೆರಳು ಸವರಿದಾಗ ಎಲ್ಲೂ ತಡೆಯಬಾರದು. ಆಮೇಲೆ ಹೊಸ ಗ್ಯಾಸ್ಕೆಟ್, ಪೇಸ್ಟ್ ಇಲ್ಲದೆ, ಸ್ವಲ್ಪ ಆಯಿಲ್ ಸವರಿ ಇಟ್ಟೆ, ಅಷ್ಟೇ. ಕವರ್ ಸರಿಯಾಗಿ ಕೂರಲು ಅಂಚಿನಲ್ಲಿ ಎರಡು ಗುಂಡು ಪಿನ್ನುಗಳಿರುತ್ತವೆ, ಕವರ್ ತೆಗೆಯುವಾಗ ಜಾರಿ ಬಿದ್ದಿದ್ದರೆ ಹುಡುಕಿ ವಾಪಸ್ ಕೂರಿಸಿ.

ಜೋಡಿಸುವುದು ಕಷ್ಟ ಇಲ್ಲ. ಕಾರ್ಕ್, ಸ್ಟೀಲ್, ಕಾರ್ಕ್, ಸ್ಟೀಲ್, ಮೊದಲೂ ಕೊನೆಯೂ ಕಾರ್ಕ್ ಬರಬೇಕು. ನೆನೆದ ಪ್ಲೇಟಿನ ಕಿವಿಗಳೆಲ್ಲ ಒಂದೇ ಸಾಲಿಗೆ ಬಂದರೆ ಕಟ್ಟು ಹೌಸಿಂಗಿನೊಳಗೆ ತಾನಾಗೇ ಇಳಿಯುತ್ತದೆ. ಇಳಿಯಲಿಲ್ಲ ಅಂದರೆ ಬಲ ಹಾಕಬೇಡಿ, ತೆಗೆದು ಮತ್ತೆ ಸಾಲು ಮಾಡಿ. ಸ್ಪ್ರಿಂಗ್ ಬೋಲ್ಟುಗಳನ್ನು ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಟಿ ಸ್ಪ್ಯಾನರಿನಲ್ಲಿ ಎರಡು ಬೆರಳಿನ ಬಲಕ್ಕಿಂತ ಸ್ವಲ್ಪ ಜಾಸ್ತಿ, ಪೂರ್ತಿ ತೋಳಿನ ಬಲ ಅಲ್ಲ. ಅವು ಕೂರುವ ಕಂಬಗಳು ಅಲ್ಯೂಮಿನಿಯಂ, ಮುರಿದರೆ ಆ ಭಾಗವೇ ಹೋಯಿತು. ಕಿಕ್ಕರ್ ಶಾಫ್ಟಿನ ಹಲ್ಲಿಗೆ ಒಂದು ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ ಕವರ್ ತೂರಿಸಿದೆ, ಇಲ್ಲದಿದ್ದರೆ ಹೊಸ ಸೀಲಿನ ತುಟಿ ಹರಿಯುತ್ತದೆ.

ಆಯಿಲ್ 900 ಮಿಲಿಲೀಟರ್ ಬಾಟಲಿ ಪೂರ್ತಿ ಹಾಕಿದೆ. ಎರಡು ನಿಮಿಷ ಎಂಜಿನ್ ಓಡಿಸಿ, ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಅಳತೆ ಕಡ್ಡಿ ನೋಡಿದರೆ ಗೆರೆಗಿಂತ ಕೆಳಗಿತ್ತು. ಕವರ್ ಬಿಚ್ಚಿದಾಗ ಮಾಮೂಲಿಗಿಂತ ಜಾಸ್ತಿ ಆಯಿಲ್ ಬೇಕಾಗುತ್ತದೆ. ಅದೇ ಗ್ರೇಡಿನದು ಮನೆಯಲ್ಲಿ ಸ್ವಲ್ಪ ಇತ್ತು, ಗೆರೆಗೆ ಬರುವಷ್ಟು ಸೇರಿಸಿದೆ. ಕಡ್ಡಿಯನ್ನು ತಿರುಗಿಸಿ ಬಿಗಿಯದೆ, ಸುಮ್ನೆ ಇಳಿಬಿಟ್ಟು ನೋಡಬೇಕು. ಇಳಿಸಿದ ಹಳೇ ಆಯಿಲ್ ಕ್ಯಾನಿಗೆ ತುಂಬಿ ಗ್ಯಾರೇಜಿನವರ ಪೀಪಾಯಿಗೆ ಕೊಟ್ಟೆ. ತೋಟದ ಬದುವಿಗೋ ಚರಂಡಿಗೋ ಸುರಿಯಬೇಡಿ, ನಾವು ಕುಡಿಯುವ ಬಾವಿ ನೀರೂ ಅದೇ ನೆಲದ್ದು.

ಕೊನೆಗೆ ಲಿವರಿನ ಸಡಿಲ. ಕೇಬಲ್ಲಿನ ಕೆಳಗಿನ ನಟ್ಟಿನಲ್ಲಿ ದೊಡ್ಡ ಅಳತೆ, ಹ್ಯಾಂಡಲ್ ಹತ್ತಿರದ್ದರಲ್ಲಿ ಸಣ್ಣ ಅಳತೆ. ಸ್ಕೇಲ್ ಹಿಡಿದು 15 ಮಿಲಿಮೀಟರಿಗೆ ನಿಲ್ಲಿಸಿದೆ. ಸಂಜೆ ನಾಲ್ಕೂವರೆಗೆ ಗಾಡಿ ಸ್ಟಾರ್ಟ್ ಆಯಿತು. ಮಧ್ಯೆ ಊಟಕ್ಕೆ ಎದ್ದಿದ್ದು ಬಿಟ್ಟರೆ ಇಡೀ ದಿನ. ರೂಢಿ ಇರುವ ಮೆಕ್ಯಾನಿಕ್ ಇದನ್ನು ಎರಡು ಗಂಟೆಯಲ್ಲಿ ಮುಗಿಸುತ್ತಾರೆ, ಗೊತ್ತು. ಆದರೆ ಆ ಜಾಲರಿ ತೊಳೆಯುತ್ತಾರಾ, ಆ ಪೇಸ್ಟ್ ಕೆರೆಯುತ್ತಾರಾ?

ಸೆಟ್ ಹೇಗಿದೆ ಅಂತ ಈಗ ನೇರವಾಗಿ. ಮೊದಲ 200 ಕಿಲೋಮೀಟರ್ ಕ್ಲಚ್ ಸ್ವಲ್ಪ ಒರಟಾಗಿ ಹಿಡಿಯುತ್ತಿತ್ತು, ಲಿವರ್ ಬಿಡುವಾಗ ಮೆತ್ತಗೆ ಬಿಡಬೇಕಿತ್ತು. ಆಮೇಲೆ ಸರಿಹೋಯಿತು. 500 ಕಿಲೋಮೀಟರ್‌ವರೆಗೆ ಭಾರ ಹಾಕಲಿಲ್ಲ, ಘಾಟಿಗೂ ಇಳಿಯಲಿಲ್ಲ. ಆಗ ಒಂದು ಸಲ ಸಡಿಲ ನೋಡಿದೆ, ಸ್ವಲ್ಪ ಕಡಿಮೆಯಾಗಿತ್ತು, ಸರಿ ಮಾಡಿದೆ. ಆಮೇಲಿಂದ ಎರಡೇ ಸಲ ಮುಟ್ಟಿದ್ದೇನೆ. ನ್ಯೂಟ್ರಲ್ ಸಲೀಸಾಗಿ ಸಿಗುತ್ತದೆ, ಮುಂಚೆ ಸಿಗ್ನಲ್ಲಿನಲ್ಲಿ ಎರಡು ಮೂರು ಸಲ ತಡಕಾಡಬೇಕಿತ್ತು. ಕೊಯ್ಲಿನ ಎರಡು ತಿಂಗಳು ದಿನಾ ಒಂದು ಮೂಟೆ ಹಣ್ಣು ಹಿಂದೆ ಕಟ್ಟಿಕೊಂಡು ತೋಟದ ಏರುದಾರಿ ಹತ್ತಿದ್ದೇನೆ, ಕೆಸರಿನಲ್ಲೂ. ಒಮ್ಮೆಯೂ ಆ ವಾಸನೆ ಬಂದಿಲ್ಲ. ಚಾರ್ಮಾಡಿಯನ್ನು ಆರು ಸಲ ಹತ್ತಿದೆ. ಎರಡನೇ ತಿರುವಿನಲ್ಲಿ ಕಿವಿ ತಾನಾಗೇ ಎಂಜಿನ್ ಕಡೆ ಹೋಗುತ್ತದೆ, ಆದರೆ ಗಾಡಿ ಎರಡನೇ ಗೇರಿನಲ್ಲಿ ಒಂದೇ ಸಮ ಎಳೆದುಕೊಂಡು ಹೋಗುತ್ತದೆ. ಮೈಲೇಜ್ 48ಕ್ಕೆ ಇಳಿದಿದ್ದು ಈಗ 60ರ ಆಸುಪಾಸು. ಆಯಿಲ್ ಜಿನುಗುವುದು ಪೂರ್ತಿ ನಿಂತಿದೆ, ಜಗಲಿಯ ಮುಂದೆ ಕಪ್ಪು ಕಲೆ ಬೀಳುತ್ತಿಲ್ಲ. ಹೆಂಡತಿಗೆ ಅದೇ ದೊಡ್ಡ ಸಮಾಧಾನ.

ಕೊಳ್ಳುವವರಿಗೆ ಗೊತ್ತಿರಲಿ: ನಾನು ತಂದ ಪ್ಯಾಕೆಟಿನಲ್ಲಿ ಸ್ಪ್ರಿಂಗ್, ಗ್ಯಾಸ್ಕೆಟ್ ಇರಲಿಲ್ಲ, ಬೇರೆ ಕೇಳಿ ತರಬೇಕು. ಸ್ಪ್ರಿಂಗ್ ಹಳೇದನ್ನೇ ಹಾಕಬಹುದು ಅನ್ನುತ್ತಾರೆ ಕೆಲವರು. ಹಳೇದು ಹೊಸದು ಪಕ್ಕದಲ್ಲಿ ನಿಲ್ಲಿಸಿ ನೋಡಿದೆ, ಹಳೇದು ಕಣ್ಣಿಗೆ ಕಾಣುವಷ್ಟು ಗಿಡ್ಡವಾಗಿತ್ತು. 80 ರೂಪಾಯಿಗೆ ಆ ಯೋಚನೆ ಬೇಡ.

ಬೇರೆ ಗಾಡಿಯವರು ಇದೇ ಸಾಕೆಟ್ ಕೊಳ್ಳಬೇಡಿ, ನಿಮ್ಮ ಗಾಡಿಯ ನಟ್ ಯಾವ ಥರ ಅಂತ ಅಂಗಡಿಯಲ್ಲಿ ಕೇಳಿಕೊಳ್ಳಿ. ಮುಂಚೆ ಎಂಜಿನ್ ಕವರ್ ಬಿಚ್ಚಿಯೇ ಗೊತ್ತಿಲ್ಲದವರು ಮೊದಲ ಸಲ ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ನನ್ನ ಸಾಕೆಟ್ ಈಗ ಪಕ್ಕದ ಮನೆಯ ಹುಡುಗನ ಹತ್ತಿರ ಇದೆ, ಬರುವ ವಾರ ಅವನ ಗಾಡಿ ಬಿಚ್ಚುತ್ತಿದ್ದೇವೆ. ಚಿಕ್ಕಮಗಳೂರಿನ ಆ ಅಂಗಡಿ ಭಾನುವಾರ ಮಧ್ಯಾಹ್ನದವರೆಗೆ ಮಾತ್ರ ತೆಗೆದಿರುತ್ತದೆ, ಶನಿವಾರವೇ ಹೋಗಿ ತಂದಿಟ್ಟುಕೊಳ್ಳಿ, ರಾತ್ರಿ ಪ್ಲೇಟ್ ನೆನೆಯಲು ಟೈಮ್ ಬೇಕಲ್ಲ.